ಮುಯ್ಯಿಯ ಲೆಕ್ಕ: ಸೀಡ್, ಪಿಯರ್ ಮತ್ತು ಡೌನ್‌ಲೋಡಿನ ವೇಗ

ಬಿತ್ತನೆ, ನಾಟಿ, ಕೊಯ್ಲುಗಳ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿಯೊಂದು ಬಹುಕಾಲದಿಂದ ನಡೆದುಬಂದಿದೆ. ಇಂದು ನೀನು ನನ್ನ ಹೊಲದಲ್ಲಿ ದುಡಿದರೆ ನಾಳೆ ನಾನು ನಿನ್ನ ಹೊಲದಲ್ಲಿ ದುಡಿಯುವೆನೆಂಬುದೇ ಅದರ ಒಪ್ಪಂದ. ಅಲ್ಲಿ ಹಣದ ಕೊಡುಕೊಳ್ಳುವಿಕೆಯಿಲ್ಲ. ಶ್ರಮಕ್ಕೆ ಶ್ರಮವೇ ಪ್ರತಿಫಲ. ಉದ್ಯೋಗ ನಿಮಿತ್ತ ಮಹಾನಗರವನ್ನು ಸೇರಿರುವ ನಮ್ಮಲ್ಲಿ ಅನೇಕರಿಗೆ ಇದು ಈಗ ನೆನಪು ಮಾತ್ರ. ಆದರೆ ಗಣಕಯಂತ್ರಗಳ ಲೋಕದಲ್ಲಿ ಇದೇ ತತ್ತ್ವವನ್ನು ಆಧರಿಸಿದ ಒಂದು ವ್ಯವಸ್ಥೆ 2001ರಿಂದಲೂ ಬಳಕೆಯಲ್ಲಿದೆ. ಅಮೆರಿಕದ ಬ್ರಾಮ್ ಕೋಹೆನ್ ರೂಪಿಸಿದ ಆ ವ್ಯವಸ್ಥೆಯ ಹೆಸರು ಬಿಟ್‌ಟೊರೆಂಟ್. ಇದರಲ್ಲಿ ಒಂದೇ ಕಡತ ಒಂದು ದಿನ ಕ್ಷಣಾರ್ಧದಲ್ಲಿ ಬಂದರೆ ಇನ್ನೊಂದು ದಿನ ಗಂಟೆಗಟ್ಟಲೆ ಕಾಯಿಸುವುದೇಕೆ? ತೆರೆಯ ಮೇಲೆ ಕಾಣುವ ಸೀಡ್, ಪಿಯರ್ ಎಂಬ ಸಂಖ್ಯೆಗಳು ಏನನ್ನು ಸೂಚಿಸುತ್ತವೆ? ಇವನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ವ್ಯವಸ್ಥೆಯ ಸ್ವರೂಪ

ಸಾಮಾನ್ಯವಾಗಿ ನಾವು ಕಡತವೊಂದನ್ನು ಪಡೆಯುವುದು ಒಂದು ಕೇಂದ್ರ ಸರ್ವರಿನಿಂದ. ಕೇಳುವವರು ಹೆಚ್ಚಿದಂತೆ ಆ ಸರ್ವರಿನ ಸಾಮರ್ಥ್ಯ ಹಂಚಿಹೋಗಿ ಪ್ರತಿಯೊಬ್ಬರ ಪಾಲೂ ಕುಗ್ಗುತ್ತದೆ. ಒಂದೇ ನಲ್ಲಿಯ ಮುಂದೆ ಕೊಡಗಳ ಸಾಲು ಬೆಳೆದಂತೆ ಇದು.

ಬಿಟ್‌ಟೊರೆಂಟಿನಲ್ಲಿ ಕಡತವನ್ನು ಮೊದಲು ಅನೇಕ ತುಣುಕುಗಳಾಗಿ ವಿಂಗಡಿಸಲಾಗುತ್ತದೆ. ಪ್ರತಿ ತುಣುಕಿಗೂ ಬೆರಳಚ್ಚಿನಂತಹ ಒಂದು ಗುರುತು ಸಂಖ್ಯೆಯಿದ್ದು, ಬಂದ ತುಣುಕು ಕೆಟ್ಟಿದ್ದರೆ ಅದು ಕೂಡಲೇ ತಿಳಿದುಬಿಡುತ್ತದೆ. ಒಂದು ತುಣುಕನ್ನು ಪಡೆದವನು ಉಳಿದವುಗಳಿಗಾಗಿ ಕಾಯುತ್ತಿರುವಾಗಲೇ ಅದನ್ನು ಇತರರಿಗೆ ಹಂಚತೊಡಗುತ್ತಾನೆ. ಹೀಗೆ ಒಂದೇ ಕಡತಕ್ಕಾಗಿ ಕೂಡಿದವರೆಲ್ಲರೂ ಒಂದು ಬಳಗವಾಗುತ್ತಾರೆ. ಅವರಲ್ಲಿ ಕಡತವನ್ನು ಪೂರ್ಣವಾಗಿ ಹೊಂದಿದ್ದು, ಏನನ್ನೂ ಪಡೆಯದೆ ಕೇವಲ ಕೊಡುತ್ತಿರುವವರು ಸೀಡ್‌ಗಳು, ಎಂದರೆ ಬೀಜದವರು. ಬಳಗದ ಸದಸ್ಯರೆಲ್ಲರೂ ಪಿಯರ್‌ಗಳೇ ಆದರೂ, ರೂಢಿಯಲ್ಲಿ ಇನ್ನೂ ಪಡೆಯುತ್ತಿರುವವರನ್ನು ಮಾತ್ರ ಆ ಹೆಸರಿನಿಂದ ಕರೆಯುವುದುಂಟು. ಈ ಲೇಖನದಲ್ಲಿಯೂ ಅದೇ ಅರ್ಥವನ್ನು ಇಟ್ಟುಕೊಳ್ಳೋಣ.

ಒಂದು ಲೆಕ್ಕ

ವಿಷಯವನ್ನು ಅಂಕಿಗಳ ಮೂಲಕ ಸ್ಪಷ್ಟಪಡಿಸಬಹುದು. ಕಡತದ ಗಾತ್ರ 1,000 ಮೆಗಾಬೈಟ್ ಎಂದಿಟ್ಟುಕೊಳ್ಳಿ. ಒಂದು ಬೈಟಿಗೆ 8 ಬಿಟ್; ಆದ್ದರಿಂದ ಇದು 8,000 ಮೆಗಾಬಿಟ್. ಇದನ್ನು ಮೊದಲು ಕೊಡುವವನ ಅಪ್‌ಲೋಡ್ ಸಾಮರ್ಥ್ಯ ಸೆಕೆಂಡಿಗೆ 40 ಮೆಗಾಬಿಟ್. ಪಡೆಯುವವರ ಡೌನ್‌ಲೋಡ್ ಸಾಮರ್ಥ್ಯವೂ 40. ಆದರೆ ಅಪ್‌ಲೋಡ್ ಸಾಮರ್ಥ್ಯ 8 ಮಾತ್ರ.

ಒಬ್ಬನೇ ಪಡೆಯುವುದಾದರೆ 200 ಸೆಕೆಂಡು ಸಾಕು. ಇಪ್ಪತ್ತು ಜನ ಒಮ್ಮೆಗೇ ಕೇಳಿದರೆ, ಕೇಂದ್ರ ಸರ್ವರಿನ ಪದ್ಧತಿಯಲ್ಲಿ ಒಬ್ಬೊಬ್ಬರಿಗೆ ಸೆಕೆಂಡಿಗೆ 2 ಮೆಗಾಬಿಟ್ ದೊರೆತು 4,000 ಸೆಕೆಂಡು, ಅಂದರೆ ಸುಮಾರು 67 ನಿಮಿಷ ಬೇಕಾಗುತ್ತದೆ. ಬಿಟ್‌ಟೊರೆಂಟಿನಲ್ಲಾದರೋ ಇಪ್ಪತ್ತು ಜನರ ಅಪ್‌ಲೋಡ್ ಸಾಮರ್ಥ್ಯವೂ ಕೂಡಿಕೊಳ್ಳುತ್ತದೆ: 40ಕ್ಕೆ 160 ಸೇರಿ ಒಟ್ಟು 200. ತಲಾ 10 ಮೆಗಾಬಿಟ್‌ನಂತೆ 800 ಸೆಕೆಂಡಿನಲ್ಲಿ, ಅಂದರೆ ಹದಿಮೂರು ನಿಮಿಷ ಮೀರುವಷ್ಟರಲ್ಲಿ ಕೆಲಸ ಮುಗಿಯಬಹುದು. ನೂರು ಜನರಾದರೆ ಮೊದಲನೆಯ ಪದ್ಧತಿಯಲ್ಲಿ ಐದೂವರೆ ಗಂಟೆ. ಎರಡನೆಯದರಲ್ಲಿ ಸುಮಾರು 16 ನಿಮಿಷ. ಉಂಬುವವರು ಹೆಚ್ಚಿದಂತೆ ಬಡಿಸುವವರೂ ಹೆಚ್ಚುವುದೇ ಇದರ ರಹಸ್ಯ. ಇವು ಗರಿಷ್ಠ ಸಾಧ್ಯತೆಯ ಅಂಕಿಗಳು. ವಾಸ್ತವದಲ್ಲಿ ಇದಕ್ಕಿಂತ ತುಸು ಕಡಿಮೆಯೇ ದೊರೆಯುತ್ತದೆ.

ಈ ಲೆಕ್ಕದಿಂದ ಒಂದು ನಿಯಮ ಹೊರಡುತ್ತದೆ. ಬಳಗದ ಸರಾಸರಿ ವೇಗವೆಂದರೆ ಎಲ್ಲ ಸೀಡ್ ಮತ್ತು ಪಿಯರ್‌ಗಳ ಅಪ್‌ಲೋಡ್ ಮೊತ್ತವನ್ನು ಪಡೆಯುವವರ ಸಂಖ್ಯೆಯಿಂದ ಭಾಗಿಸಿದಷ್ಟು. ಸೆಕೆಂಡಿಗೆ 8 ಮೆಗಾಬಿಟ್ ಕೊಡಬಲ್ಲ ಐದು ಸೀಡ್‌ಗಳೂ ಎರಡೇ ಪಿಯರ್‌ಗಳೂ ಇದ್ದರೆ ಪ್ರತಿ ಪಿಯರ್‌ಗೆ 28 ಮೆಗಾಬಿಟ್ ದೊರೆಯಬಹುದು. ಅಂತಹ ಸೀಡ್ ಒಂದೇ ಇದ್ದು ಪಿಯರ್‌ಗಳು ಇಪ್ಪತ್ತಾದರೆ 8.4 ಮಾತ್ರ. ಆದ್ದರಿಂದ ಗಮನಿಸಬೇಕಾದದ್ದು ಸೀಡ್‌ಗಳ ಸಂಖ್ಯೆಯನ್ನಷ್ಟೇ ಅಲ್ಲ, ಪಿಯರ್‌ಗಳಿಗೂ ಅವರಿಗೂ ಇರುವ ಪ್ರಮಾಣವನ್ನು.

ಮುಯ್ಯಿಗೆ ಮುಯ್ಯಿ

ಎಲ್ಲರೂ ಪಡೆದು ಯಾರೂ ಕೊಡದಿದ್ದರೆ ಗತಿಯೇನು? ಕೋಹೆನ್ ಇದಕ್ಕೂ ಉಪಾಯ ಯೋಚಿಸಿದ್ದರು. ಮೂಲ ವಿನ್ಯಾಸದಲ್ಲಿ ಪ್ರತಿ ಪಿಯರ್ ಒಂದು ಸಮಯಕ್ಕೆ ಸಾಮಾನ್ಯವಾಗಿ ನಾಲ್ವರಿಗೆ ಮಾತ್ರ ತುಣುಕುಗಳನ್ನು ಕಳಿಸುತ್ತದೆ. ತನಗೆ ಯಾರು ಹೆಚ್ಚು ವೇಗವಾಗಿ ಕೊಡುತ್ತಿರುವರೆಂದು ಹತ್ತು ಸೆಕೆಂಡಿಗೊಮ್ಮೆ ಪರಿಶೀಲಿಸಿ ಅಂಥವರಿಗೇ ಆದ್ಯತೆ ನೀಡುತ್ತದೆ. ಆದರೆ ಹೊಸದಾಗಿ ಬಂದವನ ಕೈಯಲ್ಲಿ ಕೊಡಲು ಏನೂ ಇರುವುದಿಲ್ಲವಷ್ಟೆ? ಅವನಿಗಾಗಿ ಒಂದು ಸ್ಥಾನವನ್ನು ಮೀಸಲಿರಿಸಿ, ಮೂವತ್ತು ಸೆಕೆಂಡಿಗೊಮ್ಮೆ ಯಾರಾದರೊಬ್ಬರಿಗೆ ಅದೃಷ್ಟಪರೀಕ್ಷೆಯಂತೆ ನೀಡಲಾಗುತ್ತದೆ. ಆರಂಭದಲ್ಲಿ ವೇಗ ಮಂದವಾಗಿದ್ದು ಕ್ರಮೇಣ ಏರುವುದಕ್ಕೆ ಇದು ಮುಖ್ಯ ಕಾರಣ.

ತುಣುಕುಗಳ ಆಯ್ಕೆಯಲ್ಲಿಯೂ ಒಂದು ಜಾಣ್ಮೆಯಿದೆ. ಬಳಗದಲ್ಲಿ ಅತಿ ವಿರಳವಾಗಿರುವ ತುಣುಕನ್ನೇ ಮೊದಲು ಪಡೆಯಬೇಕೆಂಬುದು ನಿಯಮ. ಒಬ್ಬನ ಬಳಿ ಮಾತ್ರ ಇರುವ ತುಣುಕು ಅವನು ಹೊರಟುಹೋಗುವ ಮೊದಲೇ ನಾಲ್ಕಾರು ಜನರಿಗೆ ಹಬ್ಬಿರಲಿ ಎಂಬುದೇ ಇದರ ಆಶಯ.

ಸೀಡ್ ಇಲ್ಲದ ಬಳಗ

ಸೀಡ್ ಸಂಖ್ಯೆ ಸೊನ್ನೆಯೆಂದು ಕಂಡ ಮಾತ್ರಕ್ಕೆ ನಿರಾಶರಾಗಬೇಕಿಲ್ಲ. ಉಳಿದ ಪಿಯರ್‌ಗಳ ಬಳಿಯಿರುವ ತುಣುಕುಗಳನ್ನೆಲ್ಲ ಜೋಡಿಸಿದರೆ ಇಡೀ ಕಡತ ಪೂರ್ಣವಾಗುವುದಾದರೆ ಪ್ರತಿಯೊಬ್ಬರೂ ಅದನ್ನು ಪಡೆಯಬಲ್ಲರು. ಆದರೆ ಸಾವಿರ ತುಣುಕುಗಳ ಪೈಕಿ ಐದು ಯಾರ ಬಳಿಯೂ ಇಲ್ಲವಾದರೆ ಎಲ್ಲರೂ ಶೇಕಡ 99.5ರಲ್ಲಿ ನಿಂತುಬಿಡುತ್ತಾರೆ. ಆಗ ಸಂಪರ್ಕ ಎಷ್ಟು ವೇಗದ್ದಾದರೂ ವ್ಯರ್ಥ. ಪೂರ್ಣ ಪ್ರತಿಯುಳ್ಳ ಒಬ್ಬನು ಮರಳಿ ಬಂದು ಆ ಐದು ತುಣುಕುಗಳನ್ನು ಕೊಟ್ಟನೆಂದರೆ ಬಳಗಕ್ಕೆ ಬಳಗವೇ ಜೀವ ತಳೆಯುತ್ತದೆ.

ಸೀಡ್‌ಗಳು ಸಾಕಷ್ಟಿದ್ದರೂ ವೇಗವಿಲ್ಲವೇಕೆ?

ರೋಗದ ಮೂಲವನ್ನು ತಿಳಿಯದೆ ಮದ್ದು ಕೊಡಬಾರದೆಂಬುದು ವೈದ್ಯರ ಮಾತು. ಇಲ್ಲಿಯೂ ಕಾರಣಗಳು ಹಲವು.

ಒಂದನೆಯದಾಗಿ, ಸಂಖ್ಯೆಯೇ ಶಕ್ತಿಯಲ್ಲ. ಮಂದ ಸಂಪರ್ಕದ ಐವತ್ತು ಸೀಡ್‌ಗಳಿಗಿಂತ ಪ್ರಬಲವಾದ ಎರಡು ಸೀಡ್‌ಗಳು ಮೇಲು. ಪಟ್ಟಿಯಲ್ಲಿ ಕಾಣುವ ಸಂಖ್ಯೆ ಹಳೆಯದೂ ಆಗಿರಬಹುದು.

ಎರಡನೆಯದಾಗಿ, ನಮ್ಮ ಸಂಪರ್ಕದ ಮಿತಿಯನ್ನು ಸಾವಿರ ಸೀಡ್‌ಗಳೂ ಮೀರಿಸಲಾರವು. ಸೇವಾದಾತರು ಹೇಳುವುದು ಮೆಗಾಬಿಟ್‌ನಲ್ಲಿ. ತಂತ್ರಾಂಶ ತೋರಿಸುವುದು ಬಹುಮಟ್ಟಿಗೆ ಮೆಗಾಬೈಟ್‌ನಲ್ಲಿ. 40 ಮೆಗಾಬಿಟ್‌ನ ಸಂಪರ್ಕದಲ್ಲಿ ಸೆಕೆಂಡಿಗೆ 5 ಮೆಗಾಬೈಟ್ ಬಂದರೆ ಅದೇ ಪೂರ್ಣ ವೇಗ.

ಮೂರನೆಯದಾಗಿ, ಅಪ್‌ಲೋಡನ್ನು ಪೂರ್ತಿ ಮುಚ್ಚಿದರೂ ಕೆಡುಕು, ಪೂರ್ತಿ ತೆರೆದರೂ ಕೆಡುಕು. ಮುಚ್ಚಿದರೆ ಮುಯ್ಯಿ ತಪ್ಪಿ ಇತರ ಪಿಯರ್‌ಗಳು ನಮ್ಮನ್ನು ಕಡೆಗಣಿಸುತ್ತವೆ. ಪೂರ್ತಿ ತೆರೆದರೆ, ಬಂದದ್ದು ತಲುಪಿತೆಂದು ನಮ್ಮ ಯಂತ್ರ ಕಳಿಸಬೇಕಾದ ಸಣ್ಣ ಸ್ವೀಕೃತಿ ಸಂದೇಶಗಳು ಆ ದಟ್ಟಣೆಯಲ್ಲಿ ಸಿಲುಕಿ ಡೌನ್‌ಲೋಡೇ ತಡವಾಗುತ್ತದೆ. ಸಂಪರ್ಕದ ಪೂರ್ಣ ಸಾಮರ್ಥ್ಯಕ್ಕಿಂತ ಸ್ವಲ್ಪ ಕೆಳಗೆ ಮಿತಿಯನ್ನಿಡುವುದೇ ಹಿತ.

ನಾಲ್ಕನೆಯದಾಗಿ, ಅನೇಕ ಸೇವಾದಾತರು ಹಲವು ಗ್ರಾಹಕರಿಗೆ ಒಂದೇ ಸಾರ್ವಜನಿಕ ವಿಳಾಸವನ್ನು ಹಂಚುವುದರಿಂದ ಹೊರಗಿನವರು ನಮ್ಮ ಯಂತ್ರವನ್ನು ತಾವಾಗಿ ಸಂಪರ್ಕಿಸಲಾರರು. ಅಂತಹ ಇಬ್ಬರು ಪರಸ್ಪರ ಕೂಡುವುದು ಕಷ್ಟ. ಇದರಿಂದ ಉಪಯೋಗಕ್ಕೆ ಬರುವ ಪಿಯರ್‌ಗಳ ಸಂಖ್ಯೆ ಕುಗ್ಗುತ್ತದೆ.

ಎಚ್ಚರಿಕೆಯ ಮಾತು

ಗುರುತು ಸಂಖ್ಯೆಯ ಪರೀಕ್ಷೆಯು ತುಣುಕು ಮೂಲದಂತೆಯೇ ಇದೆಯೆಂದು ಹೇಳುತ್ತದೆಯೇ ಹೊರತು ಮೂಲವೇ ನಿರ್ಮಲವೆಂದು ಹೇಳಲಾರದು. ಅಪರಿಚಿತ ಮೂಲದ ಕಡತದಲ್ಲಿ ವೈರಸ್ ಅಡಗಿರಬಹುದು. ಸೀಡ್‌ಗಳು ನೂರಿದ್ದ ಮಾತ್ರಕ್ಕೆ ಅದು ಶುದ್ಧವಾಗದು. ನಮ್ಮ ಅಂತರಜಾಲ ವಿಳಾಸ ಬಳಗದ ಇತರರಿಗೆ ಕಾಣುತ್ತದೆಂಬುದೂ ನೆನಪಿರಲಿ. ಹಕ್ಕುಸ್ವಾಮ್ಯವುಳ್ಳ ಚಲನಚಿತ್ರ, ಪುಸ್ತಕಗಳನ್ನು ಅನುಮತಿಯಿಲ್ಲದೆ ಹಂಚುವುದು ಕಾನೂನಿಗೆ ವಿರುದ್ಧ. ಪಡೆಯುತ್ತಲೇ ಹಂಚುವ ಈ ವ್ಯವಸ್ಥೆಯಲ್ಲಿ ‘ನಾನು ಪಡೆದೆನಷ್ಟೆ’ ಎಂಬ ಸಮಾಧಾನಕ್ಕೆ ಆಸ್ಪದವಿಲ್ಲ.

ಆದರೆ ನ್ಯಾಯಸಮ್ಮತವಾದ ಉಪಯೋಗಗಳಿಗೆ ಕೊರತೆಯಿಲ್ಲ. ಡೆಬಿಯನ್, ಉಬುಂಟು ಮೊದಲಾದ ಮುಕ್ತ ತಂತ್ರಾಂಶಗಳನ್ನು ಈ ಮಾರ್ಗದಿಂದ ಪಡೆಯಬಹುದು. ಇಂಟರ್ನೆಟ್ ಆರ್ಕೈವ್ ಸಂಸ್ಥೆ 2012ರಿಂದ ತನ್ನ ಸಂಗ್ರಹಕ್ಕೆ ಟೊರೆಂಟ್ ಸೌಲಭ್ಯವನ್ನು ಒದಗಿಸಿದೆ. ಹಳೆಯ ಕನ್ನಡ ಪುಸ್ತಕಗಳ ಅನೇಕ ಪ್ರತಿಗಳು ಅಲ್ಲಿವೆ. ಭಾರತದಲ್ಲಿ ಲೇಖಕನ ಜೀವಿತಾವಧಿಯಲ್ಲಿ ಪ್ರಕಟವಾದ ಕೃತಿಯ ಹಕ್ಕುಸ್ವಾಮ್ಯ ಅವನು ನಿಧನನಾದ ಮುಂದಿನ ವರ್ಷದ ಆರಂಭದಿಂದ 60 ವರ್ಷಗಳವರೆಗೆ ಇರುತ್ತದೆ. 1937ರಲ್ಲಿ ನಿಧನರಾದ ಪಂಜೆ ಮಂಗೇಶರಾಯರ ಮತ್ತು 1946ರಲ್ಲಿ ನಿಧನರಾದ ಬಿ. ಎಂ. ಶ್ರೀಕಂಠಯ್ಯನವರ ಅಂತಹ ಕೃತಿಗಳು ಇಂದು ಎಲ್ಲರ ಸೊತ್ತು.

ನಮ್ಮ ಕರ್ತವ್ಯ

ಕನ್ನಡದ ಕಡತಗಳಿಗೆ ಬಳಗ ದೊಡ್ಡದಿರುವುದಿಲ್ಲ. ಜನಪ್ರಿಯ ಕಡತಕ್ಕೆ ಒಬ್ಬ ಸೀಡ್ ಹೋದರೆ ಇನ್ನೊಬ್ಬನಿದ್ದಾನೆ. ಕನ್ನಡದ ಒಂದು ಅಪರೂಪದ ಪುಸ್ತಕಕ್ಕೆ ಇರುವ ಒಬ್ಬನೂ ಹೋದರೆ ಆ ಬಳಗದ ಬಾಗಿಲೇ ಮುಚ್ಚಿದಂತೆ. ನಮ್ಮಂತಹ ಸಂಘಗಳ ಕಪಾಟುಗಳಲ್ಲಿರುವ ಹಳೆಯ ಸಂಚಿಕೆಗಳನ್ನೂ ನಾಟಕಗಳ ಧ್ವನಿಮುದ್ರಣಗಳನ್ನೂ, ಬರೆದವರ ಮತ್ತು ಹಾಡಿದವರ ಒಪ್ಪಿಗೆ ಪಡೆದು, ಹೀಗೆ ಹಂಚುವುದು ಸಾಧ್ಯ. ಆದರೆ ಹಂಚಿದ ಮೇಲೆ ನಾಲ್ಕೈದು ಮನೆಗಳಲ್ಲಾದರೂ ಅವುಗಳ ಪೂರ್ಣ ಪ್ರತಿ ಸದಾ ದೊರೆಯುವಂತಿರಬೇಕು.

ಡೌನ್‌ಲೋಡ್ ಮುಗಿದೊಡನೆ ತಂತ್ರಾಂಶವನ್ನು ಮುಚ್ಚಿ ಏಳುವುದು ನಮ್ಮಲ್ಲಿ ಅನೇಕರ ಅಭ್ಯಾಸ. ಪಡೆದಷ್ಟನ್ನಾದರೂ ಹಿಂದಿರುಗಿಸುವವರೆಗೆ ಅದನ್ನು ತೆರೆದಿಟ್ಟಿರುವುದು ಮುಯ್ಯಿಯ ಮರ್ಯಾದೆ. ನಾಟಿಗೆ ಬಂದವರ ಹೊಲಕ್ಕೆ ಮರುದಿನ ಹೋಗದವನ ಗದ್ದೆಗೆ ಮುಂದಿನ ವರ್ಷ ಯಾರೂ ಇಳಿಯುತ್ತಿರಲಿಲ್ಲವೆಂಬುದನ್ನು ನಮ್ಮ ಹಿರಿಯರು ಬಲ್ಲರು.