ವೈಯಾವೃತ್ತ್ಯದ ಒಂದು ಪಾಠ: ರಕ್ತದೊತ್ತಡದ ಮಾತ್ರೆಯೂ ಉಪವಾಸವೂ

ತತ್ತ್ವಾರ್ಥಸೂತ್ರವು ಅನಶನವನ್ನು ಬಾಹ್ಯ ತಪಸ್ಸಿನಲ್ಲಿಯೂ ವೈಯಾವೃತ್ತ್ಯವನ್ನು ಅಭ್ಯಂತರ ತಪಸ್ಸಿನಲ್ಲಿಯೂ ಎಣಿಸಿದೆ. ಮನೆಯ ಹಿರಿಯರು ಉಪವಾಸ ಕೈಕೊಂಡಾಗ ಅವರ ತಪಸ್ಸನ್ನು ಕೊಂಡಾಡುತ್ತೇವೆ. ಮಗ್ಗುಲಲ್ಲಿ ಕುಳಿತು ನಾಡಿ ನೋಡುವ ಸೊಸೆಯ ತಪಸ್ಸನ್ನು ಮರೆಯುತ್ತೇವೆ. ಈ ಪಾಠವು ಆಕೆಗಾಗಿ.

ರಕ್ತದೊತ್ತಡಕ್ಕೂ ಎದೆನೋವಿಗೂ ಕೊಡುವ ಅಮ್ಲೋಡಿಪಿನ್, ನಿಫೆಡಿಪಿನ್, ಡಿಲ್ಟಿಯಾಜೆಮ್, ವೆರಪಮಿಲ್ ಇವು ಒಂದೇ ವರ್ಗದ ಔಷಧಗಳು. ರಕ್ತನಾಳದ ಸ್ನಾಯು ಬಿಗಿಯಲು ಕ್ಯಾಲ್ಸಿಯಂ ಅದರ ಜೀವಕೋಶದೊಳಕ್ಕೆ ಹೋಗಬೇಕು. ಆ ದಾರಿಯನ್ನು ಇವು ಭಾಗಶಃ ತಡೆಯುತ್ತವೆ. ನಾಳ ಸಡಿಲಗೊಂಡು ಒತ್ತಡ ಇಳಿಯುತ್ತದೆ. 1960ರ ದಶಕದಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್ ಈ ಕ್ರಿಯೆಯನ್ನು ತೋರಿಸಿಕೊಟ್ಟರು. ಹೆಸರು ಕೇಳಿ ರೋಗಿಗೆ ಹಾಲು-ಮೊಸರು ಬಿಡಿಸುವವರುಂಟು, ಅದು ಅನವಶ್ಯಕ. ರಸಪರಿತ್ಯಾಗವನ್ನು ವ್ರತಕ್ಕಾಗಿ ಮಾಡಲಿ, ಮಾತ್ರೆಯ ಭಯದಿಂದಲ್ಲ.

ನಮ್ಮ ಅಣ್ಣನವರು ಒಮ್ಮೆ ಅನಂತ ಚತುರ್ದಶಿಯಂದು ನಿರ್ಜಲ ಉಪವಾಸ ಮಾಡಿ, ಮಾತ್ರೆಯನ್ನೂ ಬಿಟ್ಟು, ಮರುದಿನ ನಸುಕಿನಲ್ಲಿ ಥಟ್ಟನೆ ಎದ್ದು ಬಚ್ಚಲಮನೆಯ ಹೊಸ್ತಿಲಲ್ಲಿ ಬಿದ್ದರು. ಮಾತ್ರೆಯನ್ನೇ ತೆಗೆದುಕೊಂಡಿರಲಿಲ್ಲವಲ್ಲ ಎಂದು ನಾನು ವಾದಿಸಿದೆ. ನನ್ನ ಅಜ್ಞಾನವದು. ಅಮ್ಲೋಡಿಪಿನ್ನಿನ ಅರ್ಧಾಂಶ ರಕ್ತದಿಂದ ತೊಲಗಲು 30ರಿಂದ 50 ಗಂಟೆ ಬೇಕು. ಹಿಂದಿನ ದಿನಗಳ ಔಷಧ ಕೆಲಸ ಮಾಡುತ್ತಲೇ ಇತ್ತು. ನೀರಿಲ್ಲದ ದೇಹ ಅದನ್ನು ತಾಳಲಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆಯೂ ಜೊತೆಗಿದ್ದರೆ ಅಪಾಯ ಇನ್ನೂ ಅಧಿಕ.

ಆದುದರಿಂದ ರೋಗಿಯು ಏಳುವಾಗ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕಾಲಿಳಿಬಿಟ್ಟು ಕುಳಿತು, ಬಳಿಕ ಆಸರೆ ಹಿಡಿದು ನಿಲ್ಲಬೇಕು. ಐದು ನಿಮಿಷ ಸುಮ್ಮನೆ ಕುಳಿತ ಮೇಲೆ ಒಮ್ಮೆ, ನಿಂತ ಮೇಲೆ ಇನ್ನೊಮ್ಮೆ ಒತ್ತಡವನ್ನು ಅಳೆದು ಬರೆದಿಡಬೇಕು. ಡಿಲ್ಟಿಯಾಜೆಮ್, ವೆರಪಮಿಲ್‌ಗಳು ಹೃದಯದ ಬಡಿತವನ್ನೂ ನಿಧಾನಗೊಳಿಸುತ್ತವೆ. ನಾಡಿ 60ಕ್ಕಿಂತ ಕೆಳಗಿದ್ದರೆ ಕೊಡುವ ಮುನ್ನ ವೈದ್ಯರನ್ನು ಕೇಳತಕ್ಕದ್ದು. ತಪ್ಪಿದ ಮಾತ್ರೆಗೆ ಬದಲಾಗಿ ಪಾರಣೆಯ ದಿನ ಎರಡು ಸೇರಿಸಿ ನುಂಗಿಸಲೇಬಾರದು. ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಗಳನ್ನು ಪುಡಿಮಾಡಬಾರದು.

ಅಮ್ಲೋಡಿಪಿನ್ನಿನಿಂದ ಹಿಮ್ಮಡಿಗಂಟಿನ ಸುತ್ತ ಬಾವು ಬರುವುದು ಸಾಮಾನ್ಯ. ಎಣ್ಣೆ ತಿಕ್ಕಿದರೆ ಅದು ಹೋಗದು. ಕಾಲನ್ನು ದಿಂಬಿನ ಮೇಲೆ ಎತ್ತಿಡಿಸಿ, ವೈದ್ಯರಿಗೆ ತಿಳಿಸಬೇಕು. ತಾವಾಗಿ ಮಾತ್ರೆ ನಿಲ್ಲಿಸಬಾರದು. ಬಾವಿನೊಡನೆ ಉಬ್ಬಸವೂ ಬಂದರೆ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ವಸಡು ಊದಿಕೊಳ್ಳುವುದೂ ಉಂಟು. ವೆರಪಮಿಲ್ ಸೇವಿಸುವವರಿಗೆ ಮಲಬದ್ಧತೆ ಹೆಚ್ಚು. ನೀರು ಬಿಟ್ಟ ದಿನ ಅದು ಬಿಗಡಾಯಿಸುತ್ತದೆ.

ರಾತ್ರಿಭೋಜನತ್ಯಾಗವುಳ್ಳವರಿಗೆ ಒಂದು ಸಮಾಧಾನ. ಅಮ್ಲೋಡಿಪಿನ್ ದಿನಕ್ಕೆ ಒಂದೇ ಬಾರಿ ಸಾಕು. ಊಟಕ್ಕೆ ಮುಂಚೆಯೋ ಅನಂತರವೋ ಎಂಬ ಕಟ್ಟೂ ಇಲ್ಲ. ರಾತ್ರಿ ಬರೆದುಕೊಟ್ಟಿದ್ದರೆ ಹಗಲಿಗೆ ಬದಲಿಸುವಂತೆ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ. ಏಕಾಶನದವರು ಊಟದ ಹೊತ್ತಿನಲ್ಲಿಯೇ ತೆಗೆದುಕೊಳ್ಳಬಹುದು. ನಿರ್ಜಲ ಉಪವಾಸದ ಮಾತು ಮಾತ್ರ ಬೇರೆ: ಪ್ರತ್ಯಾಖ್ಯಾನ ಸ್ವೀಕರಿಸುವುದಕ್ಕೆ ಮೊದಲೇ ವೈದ್ಯರ ಅಭಿಪ್ರಾಯ ಪಡೆಯಬೇಕು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ಶಕ್ತಿಯ ಮಿತಿಯನ್ನು ಆಚಾರ್ಯರೇ ಹೇಳಿದ್ದಾರಲ್ಲವೇ?

ಅಣ್ಣನವರು ಈಗ ಅವಮೌದರ್ಯವನ್ನು ಹಿಡಿದಿದ್ದಾರೆ. ಮೊದಲು ಮುನಿಸಿಕೊಂಡಿದ್ದರು. ಅಳತೆಯ ಪುಸ್ತಕ ನನ್ನ ಕೈಯಲ್ಲಿದೆ. ಇಂದು ಬೆಳಿಗ್ಗೆ ಬರೆದದ್ದು: ಕುಳಿತಾಗ 128/76, ನಿಂತಾಗ 120/74, ನಾಡಿ 72.