ಆ್ಯಪ್ ಮೂಲಕ ಮಾತು: ಮನೆಯವರು ಮಾಡಬೇಕಾದ್ದು

ಮಾತು ಸರಿಯಾಗಿ ಬಾರದ ಮಗುವಿಗೆ ಚಿತ್ರ ಒತ್ತಿದರೆ ದನಿ ಹೊರಡಿಸುವ ಆ್ಯಪ್ ಕೊಟ್ಟರೆ, ಮಗು ಬಾಯಿಂದ ಮಾತಾಡುವುದೇ ಇಲ್ಲವೇನೋ ಎಂಬ ಅಂಜಿಕೆ ಸಾಮಾನ್ಯ. ಅದಕ್ಕೆ ಆಧಾರವಿಲ್ಲ. 2006ರ ಸಂಶೋಧನಾ ಸಮೀಕ್ಷೆಯೊಂದು ಪರ್ಯಾಯ ಸಂವಹನ ವಿಧಾನ ಬಳಸಿದವರ ಪೈಕಿ ಗಟ್ಟಿ ಪುರಾವೆಯಿದ್ದ 27 ಜನರನ್ನು ಪರಿಶೀಲಿಸಿತು. ಯಾರ ಮಾತೂ ಕುಗ್ಗಿರಲಿಲ್ಲ, ಹೆಚ್ಚಿನವರದು ಸ್ವಲ್ಪವಾದರೂ ಸುಧಾರಿಸಿತ್ತು.

ಚೆನ್ನೈನ ‘ಆವಾಝ್’, ಐಐಟಿ ಬಾಂಬೆಯ ಉಚಿತ ‘ಜೆಲ್ಲೋ’ ಈ ಬಗೆಯವು. ಆಯ್ಕೆಗಿಂತ ಬಳಕೆ ಮುಖ್ಯ. ಮಗುವಿಗೆ ಹೇಳುವಾಗ ದೊಡ್ಡವರೂ ಅದೇ ಚಿತ್ರಗಳನ್ನು ಒತ್ತುತ್ತ ಮಾತಾಡಬೇಕು, ಆಮೇಲೆ ಸುಮ್ಮನೆ ಕಾಯಬೇಕು. ‘ಇದ್ಯಾವುದು, ತೋರಿಸು’ ಎಂದು ಪರೀಕ್ಷೆ ಮಾಡುವುದು ಸಂಭಾಷಣೆಯಲ್ಲ. ಹಣ್ಣು, ಪ್ರಾಣಿಗಳ ಹೆಸರಿಗಿಂತ ಬೇಕು, ಬೇಡ, ಇನ್ನೂ, ಸಾಕು, ಬಾ ಮೊದಲು ಬರಲಿ. ‘ಬೇಡ’ ಎಂದಾಗ ಅದಕ್ಕೆ ಬೆಲೆ ಸಿಗಬೇಕು. ಇಲ್ಲವಾದರೆ ಮಗು ಒತ್ತುವುದನ್ನೇ ಬಿಡುತ್ತದೆ. ಚಿತ್ರಗಳ ಜಾಗ ಬದಲಿಸಬಾರದು, ಬೆರಳು ದಾರಿ ಕಲಿಯುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಪಿಜ್ಜಾ ಚಿತ್ರದಿಂದ ಆಗುವುದೇನು? ಆಯಿ, ಕೊಟ್ಟಿಗೆ, ತೋಟ, ತೆಳ್ಳೇವು, ಆಟದ ಮೇಳ ಸೇರಲಿ. ಮನೆಮಾತಿನಲ್ಲೇ, ಸಾಧ್ಯವಿದ್ದರೆ ಮನೆಯವರ ದನಿಯಲ್ಲೇ. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಕೈಕೊಡುವುದರಿಂದ ಆ್ಯಪ್‌ನ ಅದೇ ಚಿತ್ರಪುಟಗಳ ಲ್ಯಾಮಿನೇಟ್ ಪ್ರತಿ ಅಗತ್ಯ.

ಮಗುವಿನ ಮಾತಿನ ಮೌಲ್ಯಮಾಪನಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಶಾಲೆಯ ನೆರವಿಗೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರವನ್ನು ವಿಚಾರಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಂಥ ಪರ್ಯಾಯ ವಿಧಾನಗಳನ್ನೂ ಸಂವಹನವೆಂದೇ ಪರಿಗಣಿಸುತ್ತದೆ. ಹೀಗಾಗಿ ತರಗತಿಯಲ್ಲಿ ಟ್ಯಾಬ್ ಅನ್ನು ಚೀಲದೊಳಗೆ ಇಡಿಸುವುದು ಸಲ್ಲದು.