ಸರ ಗಿರವಿ ಇಟ್ಟು ವ್ರತ ಮಾಡಬಹುದೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಪ್ರತಿವರ್ಷ ವರಮಹಾಲಕ್ಷ್ಮಿ ವ್ರತವನ್ನು ವಿಜೃಂಭಣೆಯಿಂದ ಮಾಡುತ್ತೇವೆ. ಈ ಸಲ ನಾಲ್ಕು ತಿಂಗಳಿಂದ ಯಜಮಾನರಿಗೆ ಕೆಲಸವಿಲ್ಲ. ಎದುರು ಮನೆಯ ಕ್ರೈಸ್ತ ಗೆಳತಿ ಒಂದು ಕಥೆ ಹೇಳಿದರು: ಒಬ್ಬ ಬಡ ವಿಧವೆ ತನ್ನಲ್ಲಿದ್ದ ಎರಡೇ ಕಾಸನ್ನೂ ದೇವರ ಕಾಣಿಕೆಗೆ ಹಾಕಿಬಿಟ್ಟಳಂತೆ. ಕೇಳಿದಾಗಿನಿಂದ ನನಗೂ, ಸರ ಗಿರವಿ ಇಟ್ಟಾದರೂ ಎಂದಿನಂತೆಯೇ ಪೂಜೆ ಮಾಡಬೇಕು, ದೇವಿ ಹೇಗೂ ಬಿಡಿಸಿಕೊಡುತ್ತಾಳೆ ಅನ್ನಿಸುತ್ತಿದೆ. ಸರಿಯೇ?
– ಒಬ್ಬ ಗೃಹಿಣಿ, ಬೆಂಗಳೂರು

ಉತ್ತರ: ಸರ ಗಿರವಿ ಇಡಬೇಡಿ ತಾಯಿ. ಪೂಜೆಯನ್ನೂ ಬಿಡಬೇಡಿ.

ನಿಮ್ಮ ಗೆಳತಿ ಹೇಳಿದ ಕಥೆ ಬೈಬಲಿನ ಮಾರ್ಕ ಮತ್ತು ಲೂಕರ ಸುವಾರ್ತೆಗಳಲ್ಲಿದೆ. ಜೆರುಸಲೇಮಿನ ದೇವಾಲಯದಲ್ಲಿ ಜನ ಕಾಣಿಕೆ ಹಾಕುವುದನ್ನು ಯೇಸು ಕೂತು ನೋಡುತ್ತಿದ್ದರು. ಹಣವಂತರು ಬಹಳ ಹಾಕಿದರು. ಈಕೆ ಎರಡು ಪುಡಿಕಾಸು ಹಾಕಿದಳು. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಇವಳೇ, ಉಳಿದವರು ಮಿಕ್ಕಿದ್ದರಲ್ಲಿ ಕೊಟ್ಟರು, ಇವಳು ಕೊರತೆಯಲ್ಲಿ ಕೊಟ್ಟಳು ಎಂದು ಯೇಸು ಶಿಷ್ಯರಿಗೆ ಹೇಳಿದರು. ಆಕೆ ಹಾಕಿದ್ದು ಸ್ವಂತ ಕಾಸು. ಹಣವಂತರ ಸಮಕ್ಕೆ ಕಾಣಬೇಕೆಂದು ಎಲ್ಲಿಂದಲೋ ಸಾಲ ತಂದಳು ಅಂತ ಕಥೆಯಲ್ಲಿಲ್ಲ. ಇನ್ನೊಂದು ವಿಷಯ, ಇದನ್ನು ಹೇಳುವವರು ಎಷ್ಟೋ ಸಲ ಬಿಟ್ಟುಬಿಡುತ್ತಾರೆ. ಈ ಕಥೆಯ ಹಿಂದಿನ ಸಾಲುಗಳಲ್ಲೇ, ಉದ್ದುದ್ದ ಪ್ರಾರ್ಥನೆ ಮಾಡುತ್ತಾ ವಿಧವೆಯರ ಮನೆ ನುಂಗುವ ಶಾಸ್ತ್ರಿಗಳನ್ನು ಯೇಸು ಖಂಡಿಸುತ್ತಾರೆ. ಹಾಗಾಗಿ ಬಡವರಿಂದ ಹೆಚ್ಚು ಕೀಳುವುದಕ್ಕೆ ಈ ಕಥೆಯನ್ನು ಬಳಸುವುದು ಯಾವ ಧರ್ಮದವರಿಗೂ ಶೋಭೆಯಲ್ಲ.

ನಿಮ್ಮ ಸ್ಥಿತಿಗೆ ಇನ್ನೂ ಹತ್ತಿರದ ಕಥೆ ಅವರ ಹಳೆ ಒಡಂಬಡಿಕೆಯಲ್ಲೇ ಇದೆ. ಗಂಡ ತೀರಿಕೊಂಡ ಹೆಂಗಸು. ಸಾಲ ಕೊಟ್ಟವನು ಇಬ್ಬರು ಮಕ್ಕಳನ್ನೂ ಜೀತಕ್ಕೆ ಎಳೆದೊಯ್ಯಲು ಬಂದಿದ್ದಾನೆ. ಎಲೀಷನೆಂಬ ಪ್ರವಾದಿಯ ಹತ್ತಿರ ಹೋಗಿ ಅತ್ತಳು. ಅವನು ಕೇಳಿದ್ದು, ನಿನ್ನ ಮನೆಯಲ್ಲಿ ಏನಿದೆ ಅಂತ. ಒಂದು ಪಾತ್ರೆ ಎಣ್ಣೆ ಬಿಟ್ಟರೆ ಏನೂ ಇಲ್ಲ ಅಂದಳು. ಅಕ್ಕಪಕ್ಕದವರಿಂದ ಖಾಲಿ ಪಾತ್ರೆಗಳನ್ನು ಕೇಳಿ ತಂದು, ಬಾಗಿಲು ಹಾಕಿಕೊಂಡು ಅದೇ ಎಣ್ಣೆಯನ್ನು ಹೊಯ್ಯಲು ಹೇಳಿದ. (ಎರವಲು ತಂದದ್ದು ಖಾಲಿ ಪಾತ್ರೆ, ಎಣ್ಣೆಯಲ್ಲ!) ಎಲ್ಲ ತುಂಬಿದ ಮೇಲೆ ಎಣ್ಣೆ ನಿಂತಿತು. ಆಮೇಲೆ ಪ್ರವಾದಿ ಹೇಳಿದ್ದೇನು? ದೇವರಿಗೆ ದೊಡ್ಡ ಉತ್ಸವ ಮಾಡು ಎಂದಲ್ಲ. ಎಣ್ಣೆ ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ಮಕ್ಕಳೊಂದಿಗೆ ಬದುಕು ಅಂದ. ದೇವರನ್ನು ನಂಬಿದವಳಿಗೆ ಸಿಕ್ಕಿದ್ದು ಸಾಲದಿಂದ ಬಿಡುಗಡೆ. ನೀವು ನಂಬಿಕೆಯ ಹೆಸರಿನಲ್ಲಿ ಸಾಲದೊಳಕ್ಕೇ ಹೋಗಲು ಹೊರಟಿದ್ದೀರಿ.

ನಮ್ಮ ಭಾಗವತದ ಕುಚೇಲನ ಕಥೆ ನಿಮಗೆ ಗೊತ್ತೇ ಇದೆ. ದ್ವಾರಕೆಯಲ್ಲಿ ಕೃಷ್ಣನೂ ಹೀಗೇ ಕೇಳಿದ, ಮನೆಯಿಂದ ನನಗೇನು ತಂದೆ ಅಂತ. ಹರಕು ಬಟ್ಟೆಯಲ್ಲಿ ಕಟ್ಟಿದ ಅವಲಕ್ಕಿ. ಅದನ್ನೂ ಹೆಂಡತಿ ನೆರೆಯವರಲ್ಲಿ ಬೇಡಿ ತಂದಿದ್ದಳು, ಆದರೆ ಬೇಡಿದ್ದು ನಾಲ್ಕು ಹಿಡಿ ಅವಲಕ್ಕಿಯನ್ನು, ಪೀತಾಂಬರವನ್ನಲ್ಲ.

ಇನ್ನು ವಿಧಿಯ ಮಾತು. ಸಂಕಲ್ಪದಲ್ಲಿ 'ಯಥಾಶಕ್ತಿ' ಎಂಬ ಪದ ಬರುತ್ತದೆ, ಗಮನಿಸಿದ್ದೀರಾ? ಶಕ್ತಿ ಇದ್ದಷ್ಟು ಮಾಡುತ್ತೇನೆ ಎಂದು ನೀರು ಬಿಟ್ಟು ಹೇಳುವ ಮಾತು ಅದು. ಗಿರವಿ ಹಣದಲ್ಲಿ ಕೂತು ಆ ಪದ ಉಚ್ಚರಿಸಿದರೆ ಸುಳ್ಳಾಗುತ್ತದಲ್ಲವೇ? ಇದ್ದವರು ಜಿಪುಣತನ ಮಾಡಿದರೆ ಅದನ್ನು ವಿತ್ತಶಾಠ್ಯ ಅನ್ನುತ್ತಾರೆ, ಅದು ದೋಷ. ಇಲ್ಲದವರಿಗೆ ಆ ದೋಷ ತಗಲುವುದಿಲ್ಲ. ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಕೃಷ್ಣ ಕೇಳುವುದೂ ಎಲೆ, ಹೂವು, ಹಣ್ಣು, ನೀರು ಅಷ್ಟೇ.

ಹಬ್ಬದ ಹಿಂದಿನ ದಿನ ಕೆ.ಆರ್. ಮಾರುಕಟ್ಟೆಯಲ್ಲಿ ಕನಕಾಂಬರದ ಬೆಲೆ ಕೇಳಿದರೆ ಇದ್ದವರೇ ಹೌಹಾರುತ್ತಾರೆ. ಕುಂಡದಲ್ಲಿ ಬಿಟ್ಟ ನಾಲ್ಕು ದಾಸವಾಳ ಸಾಕು. ಮನೆಯ ತಾಮ್ರದ ಚೊಂಬನ್ನು ಹುಳಿ ಹಚ್ಚಿ ಬೆಳಗಿ, ಅಕ್ಕಿ ತುಂಬಿ, ಐದು ವೀಳ್ಯದೆಲೆ ಇಟ್ಟು ಅರಿಶಿನ ಹಚ್ಚಿದ ತೆಂಗಿನಕಾಯಿ ಇಡಿ. ಬೆಳ್ಳಿಯ ಮುಖವಾಡ ಇಲ್ಲದಿದ್ದರೆ ಕಾಯಿಗೇ ಕುಂಕುಮವಿಡಿ. ಹೊಸ ಸೀರೆ ಬೇಡ, ಒಂದು ರವಿಕೆ ಕಣ ಇದ್ದರೆ ಆಯಿತು. ಅದೂ ಇಲ್ಲದಿದ್ದರೆ ವಸ್ತ್ರ, ಆಭರಣಗಳ ಸ್ಥಾನದಲ್ಲಿ ಅಕ್ಷತೆ ಹಾಕಿ. ಇದು ನಾನು ಕಟ್ಟಿದ ರಿಯಾಯಿತಿ ಅಲ್ಲ, ಪುರೋಹಿತರು ದಿನಾ ಮಾಡಿಸುವ ಕ್ರಮವೇ. ಒಬ್ಬಟ್ಟಿನ ಬದಲು ಹೆಸರುಬೇಳೆ ಪಾಯಸ ಮಾಡಿ. ಒಂಬತ್ತು ಎಳೆ, ಒಂಬತ್ತು ಗಂಟಿನ ಅರಿಶಿನದ ದೋರವನ್ನು ಮಾತ್ರ ಮರೆಯಬೇಡಿ, ಅದಕ್ಕೆ ಖರ್ಚೇನೂ ಇಲ್ಲ.

ಸರ ಕಪಾಟಿನಲ್ಲೇ ಇರಲಿ. ಪೂಜೆ ಮುಗಿದ ಮೇಲೆ ಆ ಗೆಳತಿಯನ್ನೂ ಕರೆಯಿರಿ. ಅವರಲ್ಲಿ ಕೆಲವರು ನೈವೇದ್ಯವಾದದ್ದನ್ನು ತೆಗೆದುಕೊಳ್ಳುವುದಿಲ್ಲ, ಬಲವಂತ ಬೇಡ. ಒಂದು ಲೋಟ ಕಾಫಿ ಕೊಡಿ, ಎಣ್ಣೆಯ ಕಥೆಯನ್ನು ಅವರ ಬಾಯಲ್ಲೇ ಇನ್ನೊಮ್ಮೆ ಕೇಳಿ.